ಕೊರೊನಾ ಕಾಲದಲ್ಲಿ ನಮ್ಮ ಶಾಲೆಗೆ ಹಣ ಹೊಂದಿಸಿದ ಬಗೆ

ಸರ್ಕಾರಿ ಶಾಲೆಗೆ ಏನಾದರೂ ಬೇಕೆಂದರೆ ಊರಿನ ಉಳ್ಳವರ ಮನೆಗೆ ಹೋಗಿ ಕೇಳಬೇಕು ಎಂಬ ಭಾವನೆ ನಮ್ಮ ಕಡೆ ಬಲವಾಗಿದೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಶಿಕ್ಷಕನಾಗಿ ಕೊರೊನಾದ ಎರಡು ವರ್ಷಗಳನ್ನು ಕಳೆದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಶಾಲೆಯ ಬಹುಪಾಲು ಅಗತ್ಯಗಳಿಗೆ ಯಾವುದಾದರೊಂದು ಯೋಜನೆಯಲ್ಲಿ ಹಣ ಇಟ್ಟೇ ಇರುತ್ತಾರೆ. ಅದು ಯಾವ ಯೋಜನೆ, ಅದಕ್ಕೆ ಯಾವ ಕಾಗದ ಬೇಕು, ಯಾರ ಮೇಜಿನ ಮೇಲೆ ಇಡಬೇಕು ಎಂದು ಮೊದಲು ತಿಳಿಯಬೇಕು. ಯಾವ ಯೋಜನೆಗೂ ಸೇರದೆ ಉಳಿಯುವ ಅಗತ್ಯಗಳಿಗಷ್ಟೇ ದಾನಿಗಳ ಹಣ ಕೇಳಬೇಕು. ನಾವು ಮಾಡಿದ್ದು ಇದನ್ನೇ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಗೋವಾ ಮತ್ತು ಮಂಗಳೂರಿಗೆ ದುಡಿಯಲು ಹೋಗಿದ್ದ ಕುಟುಂಬಗಳು ಊರಿಗೆ ಮರಳಿದವು. ಮೇ ತಿಂಗಳಲ್ಲಿ ನಮ್ಮ ಕೊಠಡಿಗಳು ಅವರ ಕ್ವಾರಂಟೈನ್ ಕೇಂದ್ರವಾದವು. ಅವರೊಂದಿಗೆ ಬಂದ ಮಕ್ಕಳಲ್ಲಿ ಕೆಲವರು ಮುಂದೆ ನಮ್ಮಲ್ಲೇ ದಾಖಲಾದರು. ಮಕ್ಕಳ ಸಂಖ್ಯೆ ನೂರೆಂಬತ್ತರ ಆಸುಪಾಸಿಗೆ ಬಂದಿತು. ಕ್ವಾರಂಟೈನ್ ಮುಗಿದ ಮೇಲೆ ಕೊಠಡಿ, ಶೌಚಾಲಯಗಳಿಗೆ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಬೇಕಿತ್ತು. ಕೇಂದ್ರವನ್ನು ನಡೆಸಿದ್ದು ಗ್ರಾಮ ಪಂಚಾಯಿತಿಯಾದ್ದರಿಂದ ಆ ಕೆಲಸವೂ ಅದರದ್ದೇ ಎಂದು ಪತ್ರ ಬರೆದೆ. ಮಾಡಿಕೊಟ್ಟರು. ಶಾಲೆಯ ಸುರಕ್ಷತೆಯ ವಿಷಯಕ್ಕೆ ಪಂಚಾಯಿತಿಯ ಬಾಗಿಲು ಹೀಗೆ ತೆರೆಯಿತು.

ಮಳೆಗಾಲದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯನ್ನು ಅಂಗಳದ ಬೇವಿನ ಮರದ ಕೆಳಗೆ ದೂರದೂರ ಕುಳಿತು ನಡೆಸಿದೆವು. ಎಲ್ಲರ ಬಾಯಲ್ಲಿಯೂ ಟ್ಯಾಬ್‌ನ ಮಾತೇ. ಖಾಸಗಿ ಶಾಲೆಯ ಮಕ್ಕಳು ಮೊಬೈಲ್‌ನಲ್ಲಿ ಪಾಠ ಕೇಳುತ್ತಿದ್ದುದನ್ನು ಪಾಲಕರು ಕಣ್ಣಾರೆ ಕಂಡಿದ್ದರು.

"ಗುರುಗಳೇ, ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ. ಮೊದಲು ಟ್ಯಾಬ್ ತರಿಸೋಣ" ಎಂದರು ಸಮಿತಿಯ ಅಧ್ಯಕ್ಷರು.

"ತರಿಸೋಣ, ಅಧ್ಯಕ್ಷರೇ. ಆದರೆ ನಾಳೆ ಶಾಲೆ ತೆರೆಯಿರಿ ಎಂದು ಆದೇಶ ಬಂದರೆ ನೂರೆಂಬತ್ತು ಮಕ್ಕಳು ಕೈ ತೊಳೆಯಲು ನಮ್ಮಲ್ಲಿ ಇರುವುದು ಎರಡೇ ನಲ್ಲಿ. ಅದರಲ್ಲಿಯೂ ನೀರು ಬರುವುದು ಬೆಳಿಗ್ಗೆ ಮಾತ್ರ" ಎಂದೆ.

ಅಂದು ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಪ್ರತಿಯೊಂದು ಅಗತ್ಯವನ್ನೂ ಬೇರೆ ಬೇರೆಯಾಗಿ ಬರೆದೆವು. ವಸ್ತು ಯಾವುದು, ಎಷ್ಟು ಬೇಕು, ಒಮ್ಮೆ ಮಾತ್ರ ಖರ್ಚೋ ತಿಂಗಳು ತಿಂಗಳೂ ಖರ್ಚೋ, ಕೊಡುವ ಹೊಣೆ ಯಾರದ್ದು. ಕೊನೆಯ ಅಂಕಣ ತುಂಬಲು ಬಹಳ ಹೊತ್ತು ಹಿಡಿಯಿತು, ಆದರೆ ಮುಂದಿನ ಎಲ್ಲ ಕೆಲಸವೂ ಆ ಅಂಕಣದಿಂದಲೇ ನಡೆಯಿತು. "ಕೋವಿಡ್ ಪರಿಹಾರಕ್ಕೆ ನೆರವು ನೀಡಿ" ಎಂದು ಬರೆದ ಅರ್ಜಿಗೆ ಯಾವ ಅಧಿಕಾರಿಯೂ ಹಣ ಮಂಜೂರು ಮಾಡಲಾರ. "ಹತ್ತು ನಲ್ಲಿಗಳ ಕೈ ತೊಳೆಯುವ ಕಟ್ಟೆ, ಉದ್ದ ಇಷ್ಟು, ಅಂದಾಜು ಮೊತ್ತ ಇಷ್ಟು" ಎಂದು ಬರೆದರೆ ಅದನ್ನು ಕಡತಕ್ಕೆ ಸೇರಿಸಲು ಅವನಿಗೂ ಆಧಾರ ಸಿಗುತ್ತದೆ.

ನಮ್ಮ ಕೈಯಲ್ಲೇ ಇದ್ದದ್ದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ದಿನನಿತ್ಯದ ಖರ್ಚಿಗೆ ಬರುವ ಸಂಯುಕ್ತ ಶಾಲಾ ಅನುದಾನ. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹50,000. ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಉಳಿದ ಹಣದಲ್ಲಿ ವಿದ್ಯುತ್ ಬಿಲ್, ಸೀಮೆಸುಣ್ಣ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಆಗಬೇಕು. ಈ ಹಣ ಸ್ಯಾನಿಟೈಸರ್‌ಗೆ ಸಾಕಾಗುತ್ತದೆಯೇ ಎಂದು ಸಭೆಯಲ್ಲಿಯೇ ಲೆಕ್ಕ ಹಾಕಿ ತೋರಿಸಿದೆ. 2020ರ ಜೂನ್ 30ರವರೆಗೆ ಕೇಂದ್ರ ಸರ್ಕಾರ 200 ಮಿಲಿಲೀಟರ್ ಸ್ಯಾನಿಟೈಸರ್‌ಗೆ ₹100ರ ಗರಿಷ್ಠ ಬೆಲೆ ನಿಗದಿ ಮಾಡಿತ್ತು. ಅಂದರೆ ಲೀಟರಿಗೆ ₹500. ಒಬ್ಬ ವಿದ್ಯಾರ್ಥಿ ದಿನಕ್ಕೆ ಮೂರು ಸಲ, ಸಲಕ್ಕೆ ಮೂರು ಮಿಲಿಲೀಟರ್ ಬಳಸಿದರೂ 180 ಮಕ್ಕಳಿಗೆ ದಿನಕ್ಕೆ 1.62 ಲೀಟರ್, ₹810. ಇಪ್ಪತ್ತೈದು ದಿನ ಶಾಲೆ ನಡೆದರೆ ತಿಂಗಳಿಗೆ ₹20,250. ಇಡೀ ವರ್ಷದ ಅನುದಾನ ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ಬೆಲೆ ಅರ್ಧಕ್ಕೆ ಇಳಿದರೂ ಐದು ತಿಂಗಳು ಬಾರದು. ಈ ಲೆಕ್ಕ ಕೇಳಿದ ಮೇಲೆ ಸ್ಯಾನಿಟೈಸರ್ ಮಾತು ಯಾರೂ ಎತ್ತಲಿಲ್ಲ. ಸಾಬೂನು ಮತ್ತು ಹರಿಯುವ ನೀರು ವೈರಸ್ ವಿರುದ್ಧ ಅಷ್ಟೇ ಪರಿಣಾಮಕಾರಿ. ಸಾಬೂನಿನ ಖರ್ಚನ್ನು ಸ್ವಚ್ಛತೆಯ ಭಾಗದಲ್ಲಿಯೇ ತೂಗಿಸಬಹುದು. ಕಚೇರಿಯ ಬಾಗಿಲಿನಲ್ಲಿ ಒಂದು ಬಾಟಲಿ ಸ್ಯಾನಿಟೈಸರ್, ಒಂದು ಥರ್ಮಲ್ ಸ್ಕ್ಯಾನರ್ ಇಟ್ಟು ಉಳಿದದ್ದನ್ನೆಲ್ಲ ನೀರಿನ ಕಡೆಗೆ ತಿರುಗಿಸಿದೆವು.

ನೀರಿಗೆ ಹಣ ಪಂಚಾಯಿತಿಯಲ್ಲಿತ್ತು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ 2020-21ನೇ ಸಾಲಿಗೆ ಅರ್ಧ ಭಾಗ ನಿರ್ಬಂಧಿತ. ಅದನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುವಂತಿರಲಿಲ್ಲ. ಮರುವರ್ಷದಿಂದ ಈ ಪಾಲು ಶೇ 60ಕ್ಕೆ ಏರಿತು. ಶಾಲೆಯ ಕೈ ತೊಳೆಯುವ ಕಟ್ಟೆ ಇದರೊಳಗೆ ನೇರವಾಗಿ ಬರುತ್ತಿತ್ತು. ತೊಡಕು ಬೇರೆ ಕಡೆ ಇತ್ತು. ಆಗ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದಿತ್ತು, ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಸದಸ್ಯರಿಲ್ಲ, ಆಡಳಿತಾಧಿಕಾರಿಯದೇ ಅಧಿಕಾರ. ಪರಿಚಯದ ಸದಸ್ಯರಿಗೆ ಹೇಳಿ ಕೆಲಸ ಮಾಡಿಸಿಕೊಳ್ಳುವ ನಮ್ಮ ರೂಢಿ ನಡೆಯುವಂತಿರಲಿಲ್ಲ. ನಮಗೆ ಅದರಿಂದ ಒಳ್ಳೆಯದೇ ಆಯಿತು ಎಂದು ನಾನು ನಂಬಿದ್ದೇನೆ, ಏಕೆಂದರೆ ಕಾಗದ ಪಕ್ಕಾ ಇರಲೇಬೇಕಾಯಿತು. ಸಮಿತಿಯ ಠರಾವು, ಸ್ಥಳದ ನಕ್ಷೆ, ಎಂಜಿನಿಯರ್ ಸಹಿ ಮಾಡಿದ ಅಂದಾಜು ಪಟ್ಟಿ, ಮಕ್ಕಳ ಸಂಖ್ಯೆಗೆ ಯುಡೈಸ್ (ಶಾಲೆಗಳ ಸರ್ಕಾರಿ ಅಂಕಿಅಂಶ) ದಾಖಲೆಯ ಪ್ರತಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎಲ್ಲವನ್ನೂ ನೋಡಿ, ಕ್ರಿಯಾಯೋಜನೆಯಲ್ಲಿ ಸೇರಿಸಲು ಒಪ್ಪಿದರು.

ಕಟ್ಟೆಯಾದರೆ ಹೊಲಸು ನೀರು ಎಲ್ಲಿಗೆ ಹೋಗಬೇಕು? ನಮ್ಮದು ಎರೆ ಭೂಮಿ. ನೀರು ನಿಂತರೆ ಅಂಗಳವೆಲ್ಲ ರಾಡಿ, ಆಮೇಲೆ ಸೊಳ್ಳೆ. ಇಂಗುಗುಂಡಿಯ ಕೆಲಸವನ್ನು ಉದ್ಯೋಗ ಖಾತರಿಗೆ ಹಾಕಿದೆವು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ ₹275. ಗೋವಾದಿಂದ ಬಂದು ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ತಂದೆ ತಾಯಂದಿರೇ ಜಾಬ್ ಕಾರ್ಡ್ ಮಾಡಿಸಿಕೊಂಡು ತಮ್ಮ ಮಕ್ಕಳ ಶಾಲೆಯ ಗುಂಡಿ ತೋಡಿದರು. ಕೂಲಿ ಅವರ ಖಾತೆಗೆ ಬಂದಿತು, ಶಾಲೆಗೆ ಗುಂಡಿ ಬಂದಿತು. ಎರಡು ವರ್ಷದ ಓಡಾಟದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಕೆಲಸ ಇದು. 2020ರ ಅಕ್ಟೋಬರ್ 2ರಂದು ಜಲಜೀವನ ಮಿಷನ್‌ನವರು ಶಾಲೆ, ಅಂಗನವಾಡಿಗಳಿಗೆ ನಲ್ಲಿ ಸಂಪರ್ಕ ಕೊಡುವ ನೂರು ದಿನಗಳ ಅಭಿಯಾನ ಆರಂಭಿಸಿದಾಗ ನಮ್ಮ ಹೆಸರನ್ನು ಮೊದಲೇ ಬರೆಸಿದೆವು. ಕಟ್ಟೆಯ ಕಾಗದಗಳು ಸಿದ್ಧವಿದ್ದುದರಿಂದ ಹೊಸದಾಗಿ ಬರೆಯುವುದೇನೂ ಇರಲಿಲ್ಲ.

ಮಾಸ್ಕ್‌ಗಳ ವಿಷಯ ಸುಲಭವಾಗಿ ಮುಗಿಯಿತು. ಬಟ್ಟೆ ವ್ಯಾಪಾರಿಯೊಬ್ಬರು ಹತ್ತಿಯ ಬಟ್ಟೆ ಕೊಟ್ಟರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಹೊಲಿದರು, ಹೊಲಿಗೆಯ ಕೂಲಿಯನ್ನು ಶಿಕ್ಷಕರೆಲ್ಲ ಸೇರಿ ಕೊಟ್ಟೆವು.

ಇನ್ನು ತಂತ್ರಜ್ಞಾನ. 2020ರ ಆಗಸ್ಟ್‌ನಲ್ಲಿ, ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ ವಿದ್ಯಾಗಮ ಆರಂಭವಾದಾಗ ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು. ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಮನೆಯಲ್ಲಿ ಇರುವವರು, ಸಾದಾ ಮೊಬೈಲ್ ಮಾತ್ರ ಇರುವವರು, ಏನೂ ಇಲ್ಲದವರು. ಮನೆ ಮನೆಗೆ ಹೋದಾಗ ಈ ವಿಂಗಡಣೆಗೆ ಸಿಗದ ಒಂದು ಸಂಗತಿ ಕಂಡಿತು. ಫೋನ್ ಇದೆ, ಆದರೆ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಅದು ಹೆಸರುಕಾಯಿ ಬಿಡಿಸುವ ಕಾಲ. ಸಂಜೆ ಫೋನ್ ಮನೆಗೆ ಬರುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ, ಡೇಟಾ ಇರುವುದಿಲ್ಲ, ಅಣ್ಣ ತಂಗಿ ಮೂವರ ನಡುವೆ ಒಂದೇ ಫೋನ್. ಹೆಚ್ಚಿನ ಮನೆಗಳಲ್ಲಿ ಅದು ಮೊದಲು ಸಿಗುವುದು ಗಂಡುಮಗುವಿಗೆ. ಈ ಮನೆಗಳನ್ನೆಲ್ಲ "ಸ್ಮಾರ್ಟ್‌ಫೋನ್ ಇರುವ ಗುಂಪು" ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಮಗುವಿನ ಕೈಗೆ ಹಗಲಿನಲ್ಲಿ ಸಿಗುವ ಫೋನ್ ಎಷ್ಟು ಎಂದು ನಾವೇ ಇನ್ನೊಂದು ಪಟ್ಟಿ ಮಾಡಿದೆವು. ಮುಂದೆ ದಾನಿಗಳ ಮನವೊಲಿಸಿದ್ದು ಈ ಪಟ್ಟಿಯೇ.

ಇಷ್ಟು ತಿಳಿದ ಮೇಲೆ ಎಲ್ಲ ಮಕ್ಕಳಿಗೂ ಟ್ಯಾಬ್ ಎಂಬ ಮಾತು ತಾನಾಗಿ ಕೈಬಿಟ್ಟಿತು. ದೂರದರ್ಶನ ಚಂದನದಲ್ಲಿ ಜುಲೈ 20ರಿಂದ ಎಂಟು, ಒಂಬತ್ತು, ಹತ್ತನೇ ತರಗತಿಗೆ ಸಂವೇದ ಪಾಠಗಳು ಬರುತ್ತಿದ್ದವು. ಒಂದು ದೊಡ್ಡ ಟಿ.ವಿ., ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್, ಕರೆಂಟ್ ಹೋದಾಗ ನಡೆಸಲು ಯುಪಿಎಸ್, ಇಳಿಸಿಕೊಂಡ ಪಾಠಗಳನ್ನು ಹಾಕಿಡಲು ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳು, ಅಭ್ಯಾಸದ ಹಾಳೆ ತೆಗೆಯಲು ಒಂದು ಪ್ರಿಂಟರ್, ಫೋನ್ ಇಲ್ಲದ ಮನೆಗಳಿಗೆ ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡಲು ಕೆಲವೇ ಟ್ಯಾಬ್‌ಗಳು. ನಮ್ಮ ಬೇಡಿಕೆ ಇಷ್ಟಕ್ಕೆ ನಿಂತಿತು. ಮೊತ್ತ ಸಣ್ಣದಾದ ಕೂಡಲೇ ಕೊಡುವವರ ಧೈರ್ಯ ಹೆಚ್ಚಿತು.

ಎಲ್ಲ ಕಡೆಯೂ ಹಣ ಸಿಗಲಿಲ್ಲ. ಸಂಸದರ ನಿಧಿಗೆ ಹೋಗಿ ಎಂದು ಹಿರಿಯರು ಹೇಳಿದರು, ಆದರೆ ಆ ನಿಧಿಯನ್ನು 2020ರ ಏಪ್ರಿಲ್‌ನಲ್ಲಿಯೇ ಎರಡು ವರ್ಷಕ್ಕೆ ಅಮಾನತು ಮಾಡಿದ್ದರು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೂ ಬರೆದೆವು. ಕೋವಿಡ್ ಕೆಲಸಕ್ಕೆ ಮಾಡುವ ಖರ್ಚು ಈ ಬಾಬತ್ತಿಗೆ ಸೇರುತ್ತದೆ ಎಂದು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ 2020ರ ಮಾರ್ಚ್ 23ರಂದೇ ಸ್ಪಷ್ಟಪಡಿಸಿತ್ತು. ಆದರೆ ಬಹಳಷ್ಟು ಕಡೆಯಿಂದ ಉತ್ತರ ಬರಲಿಲ್ಲ. ಒಂದು ಸಂಸ್ಥೆ ಟ್ಯಾಬ್ ಕೊಡಲು ಮುಂದೆ ಬಂದು, ಪ್ರತಿ ಮಗುವಿನ ಫೋಟೊ, ಮನೆಯ ವಿಳಾಸ, ಪಾಲಕರ ಫೋನ್ ಸಂಖ್ಯೆಯ ಪಟ್ಟಿ ಕೇಳಿತು. ಸಮಿತಿಯಲ್ಲಿ ಚರ್ಚಿಸಿ ಬೇಡ ಎಂದು ಬರೆದೆವು. ಮಕ್ಕಳ ವಿವರವನ್ನು ವಸ್ತುವಿಗೆ ಬದಲಾಗಿ ಕೊಡುವುದು ತಪ್ಪು ಎಂದು ಈಗಲೂ ಹೇಳುತ್ತೇನೆ.

ಕೊನೆಗೆ ನೆರವಾದವರು ಹಳೆಯ ವಿದ್ಯಾರ್ಥಿಗಳು. ಹುಬ್ಬಳ್ಳಿ, ಬೆಂಗಳೂರಿನಲ್ಲಿ ನೌಕರಿ ಮಾಡುವವರು, ಸೈನ್ಯದಲ್ಲಿರುವವರು, ಊರಿನಲ್ಲಿಯೇ ಉಳ್ಳಾಗಡ್ಡಿ ಬೆಳೆಯುವವರು. ಅವರಿಗೆ ಕಳಿಸಿದ ಪತ್ರದಲ್ಲಿ ಭಾವುಕ ಮಾತು ಬರೆಯಲಿಲ್ಲ. ಪಂಚಾಯಿತಿಯಿಂದ ಏನು ಸಿಕ್ಕಿದೆ, ಅನುದಾನದಿಂದ ಏನು ಆಗಿದೆ, ಯಾವ ಯೋಜನೆಯಿಂದಲೂ ಬರದೆ ಏನು ಉಳಿದಿದೆ ಎಂದು ವಸ್ತು, ಸಂಖ್ಯೆ, ದರ ಸಮೇತ ಬರೆದು, ಹಗಲಿನ ಫೋನ್ ಪಟ್ಟಿಯ ಒಟ್ಟು ಸಂಖ್ಯೆಗಳನ್ನು ಮಾತ್ರ ಜೊತೆಗೆ ಇಟ್ಟೆವು, ಯಾವ ಮಗುವಿನ ಹೆಸರೂ ಇಲ್ಲದೆ. ಒಬ್ಬರು ಟಿ.ವಿ. ತಮ್ಮದು ಎಂದರು, ಇಬ್ಬರು ಸೇರಿ ಪ್ರಿಂಟರ್ ಎಂದರು, ಸೈನಿಕನೊಬ್ಬ ಒಂದು ವರ್ಷದ ಕಾಗದ, ಶಾಯಿಯ ಖರ್ಚು ಹೊತ್ತ. ಶಾಯಿ ಕೊಡುವ ದಾನಿ ಸಿಗುವುದು ಬಹಳ ಅಪರೂಪ. ನಮ್ಮ ಸುತ್ತಲಿನ ಎಷ್ಟೋ ಶಾಲೆಗಳಲ್ಲಿ ಪ್ರಿಂಟರ್ ಧೂಳು ಹಿಡಿದು ಕುಳಿತಿರುವುದು ಶಾಯಿಗೆ ಹಣವಿಲ್ಲದೆ.

ಹಣ ನಿರ್ವಹಿಸುವ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಯಾವ ಶಿಕ್ಷಕರ ಮೊಬೈಲ್ ಖಾತೆಗೂ ಒಂದು ರೂಪಾಯಿ ಬರಬಾರದು. ಸಾಧ್ಯವಾದಷ್ಟೂ ದಾನಿಯೇ ಅಂಗಡಿಗೆ ಹಣ ಕೊಡಬೇಕು, ಬಿಲ್ ಶಾಲೆಯ ಹೆಸರಿನಲ್ಲಿರಬೇಕು. ನಗದು ಬಂದರೆ ಸಮಿತಿಯ ಜಂಟಿ ಖಾತೆಗೆ ಹೋಗಬೇಕು, ಅಧ್ಯಕ್ಷರ ಸಹಿ ಮತ್ತು ನನ್ನ ಸಹಿ ಎರಡೂ ಇಲ್ಲದೆ ತೆಗೆಯುವಂತಿಲ್ಲ. ಮೂರು ಅಂಗಡಿಗಳ ದರಪಟ್ಟಿ ತರಿಸಿ ಅವುಗಳಲ್ಲಿ ತೆರಿಗೆ ಸೇರಿದೆಯೇ ಎಂದು ನೋಡಬೇಕು. ಸ್ಯಾನಿಟೈಸರ್, ಥರ್ಮಲ್ ಸ್ಕ್ಯಾನರ್‌ಗಳ ಜಿಎಸ್‌ಟಿ 2021ರ ಜೂನ್‌ನಲ್ಲಿ ಶೇ 5ಕ್ಕೆ ಇಳಿದ ಮೇಲೂ ಹಳೆಯ ದರಪಟ್ಟಿಯನ್ನೇ ಕೊಟ್ಟ ಅಂಗಡಿಯಿತ್ತು, ಹಿಂದಿರುಗಿಸಿ ಬದಲಿಸಿಕೊಂಡೆವು. ವಸ್ತು ಬಂದ ದಿನವೇ ದಾಸ್ತಾನು ವಹಿಯಲ್ಲಿ ದಾಖಲು. ಜಮಾ ಖರ್ಚಿನ ಹಾಳೆ ಶಾಲೆಯ ಹೊರಗೋಡೆಯ ಮೇಲೆ, ಹಾದುಹೋಗುವ ಯಾರಾದರೂ ಓದುವಂತೆ.

2021ರ ಜನವರಿ 1ರಂದು ಆರನೇ ತರಗತಿಯಿಂದ ಮೇಲಿನ ಮಕ್ಕಳು ವಿದ್ಯಾಗಮಕ್ಕೆ ಶಾಲೆಯ ಅಂಗಳಕ್ಕೇ ಬಂದಾಗ ಕಟ್ಟೆಯಲ್ಲಿ ನೀರಿತ್ತು. ಎರಡನೇ ಅಲೆಯಲ್ಲಿ ಮತ್ತೆ ಬಾಗಿಲು ಹಾಕಿ, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿ ಆರಂಭವಾಯಿತು. ಒಂದನೇ ತರಗತಿಯ ಮಕ್ಕಳಿಗೆ ಕಟ್ಟೆ ಎತ್ತರವಾಯಿತು, ಕೆಳಗೆ ಎರಡು ಸಾಲು ಇಟ್ಟಿಗೆ ಕಟ್ಟಿಸಿದೆವು. ಅದಕ್ಕೆ ಮೇಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ, ಅವನ ಮಗಳು ಅದೇ ತರಗತಿಯಲ್ಲಿದ್ದಳು.

ಒಂದು ಅಗತ್ಯಕ್ಕೆ ಮಾತ್ರ ಇಂದಿಗೂ ಯಾವ ಯೋಜನೆಯೂ ಇಲ್ಲ. ಶಾಲೆಯ ಇಂಟರ್ನೆಟ್ ಬಿಲ್ಲನ್ನು ಸಂಯುಕ್ತ ಅನುದಾನದಲ್ಲಿ ಕಟ್ಟಬಹುದು. ಆದರೆ ಎರವಲು ಟ್ಯಾಬ್ ಒಯ್ದ ಮಗುವಿನ ಮನೆಯ ಡೇಟಾ ರೀಚಾರ್ಜ್‌ಗೆ ಯಾವ ಬಾಬತ್ತೂ ಇರಲಿಲ್ಲ, ಹಳೆಯ ವಿದ್ಯಾರ್ಥಿಗಳೇ ಹಾಕಿಸಿದರು. ಶಾಲೆ ಮುಚ್ಚಿದಾಗ ಬಡ ಮಗುವಿನ ಪಾಠ ಆ ರೀಚಾರ್ಜ್ ಮೇಲೆ ನಿಂತಿತ್ತು. ಅದನ್ನು ಪಠ್ಯಪುಸ್ತಕ, ಸಮವಸ್ತ್ರಗಳ ಸಾಲಿಗೆ ಸೇರಿಸಬೇಕು ಎಂದು ಸಮಿತಿಯ ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಮೇಲಕ್ಕೆ ಕಳಿಸಿದ್ದೇವೆ. ಉತ್ತರ ಬರುವವರೆಗೆ ಪ್ರತಿ ವರ್ಷದ ಮೊದಲ ಸಭೆಯಲ್ಲಿ ಅದೇ ಠರಾವನ್ನು ಮತ್ತೆ ಪಾಸು ಮಾಡಿ ಕಳಿಸುವುದೆಂದು ನಿರ್ಧರಿಸಿದ್ದೇವೆ.