ಅವ್ವನ ಕಾಲಿಗೆ ಗಂಡಸರ ಚಪ್ಪಲಿ

ಅವ್ವನಿಗೆ 76 ವರ್ಷ. ಸಕ್ಕರೆ ಕಾಯಿಲೆ ಹಳೆಯದು. ಹೋದ ಮಳೆಗಾಲದಲ್ಲಿ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಸೊಂಟ ಒಂದು ತಿಂಗಳು ನೋಯಿತು. ಎಲ್ಲರೂ ಪಾಚಿಯನ್ನು ಬೈದರು. ನಾನು ಅವಳ ಹವಾಯಿ ಚಪ್ಪಲಿ ತಿರುಗಿಸಿ ನೋಡಿದೆ. ಅಡಿ ಸವೆದು ನುಣ್ಣಗಾಗಿತ್ತು. ಹಿಂದೆ ಪಟ್ಟಿ ಇಲ್ಲದ್ದರಿಂದ ಬೆರಳಲ್ಲಿ ಹಿಡಿದು ಎಳೆದುಕೊಂಡೇ ನಡೆಯುತ್ತಿದ್ದಳು.

ಮೈಸೂರಿಗೆ ಹೋದಾಗ ದೇವರಾಜ ಅರಸು ರಸ್ತೆಯಲ್ಲಿ ದುಬಾರಿ ಶೂ ತಂದೆ. ದಪ್ಪ ಮೆತ್ತನೆ ಅಡಿ, ಲೇಸು ಬೇರೆ. ಬಗ್ಗಿ ಕಟ್ಟೋದು ಯಾರು? ಅಷ್ಟು ಮೆತ್ತಗಿದ್ದರೆ ನೆಲದ ಏರುತಗ್ಗು ಕಾಲಿಗೆ ತಿಳಿಯುವುದಿಲ್ಲ. ನಿಂತಲ್ಲೇ ವಾಲುತ್ತಿದ್ದಳು. "ಕಾಲ್ಗೆ ಬೇಡಿ ಹಾಕ್ದಂಗಾಯ್ತದೆ ಕಣಪ್ಪ" ಅಂದಳು. ಶೂ ಡಬ್ಬ ಸೇರಿತು.

ಆಮೇಲೆ ಬುದ್ಧಿ ಬಂತು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಅವ್ವನನ್ನು ಹಳೆ ಕ್ಯಾಲೆಂಡರ್ ಹಾಳೆ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದೆ. ಕೂತು ಅಳೆಯಬಾರದು, ಭಾರ ಬಿದ್ದಾಗಲೇ ಪಾದ ಹರಡೋದು. ಎಡಗಾಲು ದೊಡ್ಡದು ಅಂತ ಅವತ್ತು ಗೊತ್ತಾಯಿತು. ಆ ಹಾಳೆ ಕತ್ತರಿಸಿ ಜೇಬಲ್ಲಿಟ್ಟುಕೊಂಡು ಮಂಡ್ಯದ ಪೇಟೆಬೀದಿಗೆ ಹೋದೆ. ಹೆಂಗಸರ ಚಪ್ಪಲಿ ಯಾವುದರ ಮೇಲಿಟ್ಟರೂ ಅಂಚು ಹೊರಗೆ. ಉದ್ದ ಸರಿ, ಅಗಲ ಇಲ್ಲ. ವಯಸ್ಸಾದಂತೆ ಪಾದ ಅಗಲವಾಗುತ್ತದೆ, ನಾವು ಮಾತ್ರ ಹಳೇ ನಂಬರನ್ನೇ ಹೇಳುತ್ತೇವೆ. ಅಂಗಡಿ ಹುಡುಗ ನಕ್ಕ. "ಜೆಂಟ್ಸ್‌ದು ನೋಡಿ ಸಾರ್, ಅಗಲ ಜಾಸ್ತಿ."

ಸಿಕ್ಕಿತು. ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ, ಒಳಗೆ ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ತೆಳುವಾದ ಪದರ, ಕೆಳಗೆ ಗೀರುಗಳಿರುವ ಗಟ್ಟಿ ರಬ್ಬರ್. ಎರಡೂ ಕೈಯಲ್ಲಿ ಬಗ್ಗಿಸಿ ನೋಡಿದೆ. ಬೆರಳ ಬುಡದ ಹತ್ತಿರ ಬಗ್ಗಿತು, ನಡುವೆ ಮಡಚಲಿಲ್ಲ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಉಳಿಯಿತು. ಸರಿಹೋಗದಿದ್ದರೆ ಬದಲಾಯಿಸಿ ಕೊಡಬೇಕು ಅಂತ ಮೊದಲೇ ಮಾತಾಡಿಕೊಂಡೆ.

"ಗಂಡಸ್ರುದಾ?" ಅವ್ವ ಮುಖ ಸಿಂಡರಿಸಿದಳು. ಬಣ್ಣ ಕಂದು ಅಂತ ಒಪ್ಪಿದಳು. ಮೊದಲ ವಾರ ದಿನಕ್ಕೆ ಒಂದು ಗಂಟೆ ಅಷ್ಟೇ. ಬಿಚ್ಚಿದ ಮೇಲೆ ಪಾದ, ಬೆರಳ ಸಂದಿ ನಾನೇ ನೋಡುತ್ತಿದ್ದೆ. ಅವಳ ಪಾದಕ್ಕೆ ಸ್ಪರ್ಶ ಕಮ್ಮಿ, ಗುಳ್ಳೆ ಎದ್ದರೂ ಗೊತ್ತಾಗೋದಿಲ್ಲ. ಕಿರುಬೆರಳ ಹತ್ತಿರ ಕೆಂಪಾಗಿತ್ತು. ವೆಲ್ಕ್ರೋ ಒಂದಿಷ್ಟು ಸಡಿಲ ಮಾಡಿದೆ, ಹೋಯಿತು.

ಮನೆಯೊಳಗೂ ಬರಿಗಾಲು ಬೇಡ ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ಮಾತ್ರ ದೊಡ್ಡ ಜಗಳ. ಕೊನೆಗೆ ಒಳಗಿಗೇ ಬೇರೆ ಜೊತೆ ತಂದೆ. ದೇವರ ಮನೆ ಹೊಸಿಲಲ್ಲಿ ಬಿಚ್ಚುತ್ತಾಳೆ, ಅಡುಗೆ ಮನೆ ಬಗ್ಗೆ ಇನ್ನೂ ಮಾತುಕತೆ ನಡೆಯುತ್ತಿದೆ. ಹಳೆ ಹವಾಯಿಯನ್ನು ಎರಡು ಸಲ ಬಿಸಾಡಿದೆ. ಎರಡು ಸಲವೂ ಎತ್ತಿಕೊಂಡು ಬಂದು ನೀರಿನ ತೊಟ್ಟಿ ಹಿಂದೆ ಇಟ್ಟಿದ್ದಾಳೆ.