ನಾಯಿ ಕುಂಟೋದು ನಿಲ್ತಾ ಇಲ್ವಾ? ಎಣ್ಣೆ ಹಚ್ಚೋಕೆ ಮುಂಚೆ ಇಷ್ಟು ನೋಡಿ

ನಾಯಿ ಕುಂಟ್ತಾ ಇದೆ, ಮನೇಲೇ ಏನಾದ್ರೂ ಮಾಡ್ಬಹುದಾ ಅನ್ನೋರೆಲ್ಲ ಮೊದಲು ಕೇಳೋದು ಯಾವ ಎಣ್ಣೆ ಹಚ್ಚಲಿ ಅಂತ. ಎಣ್ಣೆ ಮಾತು ಆಮೇಲೆ, ಮೊದಲು ಯಾವ ಕಾಲು, ಕಾಲಲ್ಲಿ ಎಲ್ಲಿ ನೋವು ಅಂತ ಗೊತ್ತಾಗ್ಬೇಕು. ಯಾರಾದ್ರೂ ಒಬ್ರು ಬೆಲ್ಟ್ ಹಿಡ್ಕೊಂಡು ನಿಧಾನಕ್ಕೆ ನಡೆಸ್ಲಿ, ನೀವು ಎದುರಿಗೆ ನಿಂತು ಅದರ ತಲೆ ನೋಡಿ. ಮುಂಗಾಲು ನೋಯ್ತಿದ್ರೆ ಆ ಕಾಲು ಊರಿದಾಗ ತಲೆ ಮೇಲಕ್ಕೆ ಹೋಗುತ್ತೆ, ಚೆನ್ನಾಗಿರೋ ಕಾಲು ಊರಿದಾಗ ತಗ್ಗುತ್ತೆ. ಹಿಂಗಾಲಾದ್ರೆ ಹಿಂದೆ ನಿಂತು ನೋಡಿ, ಸೊಂಟ ಒಂದು ಕಡೆ ಜಾಸ್ತಿ ಏರಿಳೀತಾ ಇರುತ್ತೆ. ಇದನ್ನ ಫೋನಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ಯಾಕಂದ್ರೆ ಡಾಕ್ಟರ್ ಹತ್ರ ಹೋದ ತಕ್ಷಣ ಗಾಬರೀಲಿ ಎಷ್ಟೋ ನಾಯಿಗಳು ಕುಂಟದೇ ನಡೆದುಬಿಡ್ತವೆ. ನಾಯಿ ಕೂಗ್ತಿಲ್ಲ, ಹಾಗಾಗಿ ನೋವಿಲ್ಲ ಅಂತ ದಯವಿಟ್ಟು ಅಂದ್ಕೋಬೇಡಿ. ಕುಂಟೋದೇ ಅದು ನೋವು ಹೇಳೋ ರೀತಿ, ಒಂದೇ ಕೀಲನ್ನ ಪದೇ ಪದೇ ನೆಕ್ತಾ ಕೂರೋದೂ ಅಷ್ಟೆ.

ಆಮೇಲೆ ಪಾದ. ಟಾರ್ಚ್ ಹಾಕಿ ಬೆರಳ ಸಂದಿ, ಪ್ಯಾಡು, ಉಗುರಿನ ಬುಡ ಎಲ್ಲಾ ನೋಡಿ, ಮುಳ್ಳೋ ಗಾಜಿನ ಚೂರೋ ಸೀಳಿದ ಉಗುರೋ ಇರ್ಬಹುದು, ಸಂದೀಲಿ ಉಣ್ಣಿ ಕಚ್ಕೊಂಡಿರ್ಬಹುದು. ಪಾದದ ಒಳಮಗ್ಗುಲಲ್ಲಿ ಸ್ವಲ್ಪ ಮೇಲೆ ಒಂದು ಸಣ್ಣ ಉಗುರಿರುತ್ತಲ್ಲ, ಅದು ನೆಲಕ್ಕೆ ತಾಗಿ ಸವೆಯಲ್ಲ, ಬೆಳೀತಾ ಬೆಳೀತಾ ಸುತ್ಕೊಂಡು ಚರ್ಮಕ್ಕೇ ಚುಚ್ಚುತ್ತೆ, ಎಷ್ಟೋ ಜನ ಅದನ್ನ ನೋಡೋದೇ ಇಲ್ಲ. ಸಣ್ಣ ಗಾಯ ಆಗಿದ್ರೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಸ್ಪೂನ್ ಉಪ್ಪು ಹಾಕಿ ತೊಳೆದು, ಸಂದಿಯೆಲ್ಲಾ ಚೆನ್ನಾಗಿ ಒರೆಸಿ ಒಣಗಿಸಿ. ಮುಟ್ಟಿದಾಗ ಸಾಧು ನಾಯೀನೂ ನೋವಿಗೆ ಕಚ್ಚುತ್ತೆ, ಹುಷಾರು.

ಪಾದದಲ್ಲಿ ಏನೂ ಇಲ್ಲ, ಉಳುಕಿರ್ಬೇಕು ಅನ್ಸಿದ್ರೆ ಎಲ್ಲಕ್ಕಿಂತ ದೊಡ್ಡ ಔಷಧಿ ರೆಸ್ಟು. ಇದನ್ನೇ ಯಾರೂ ಮಾಡಲ್ಲ! ಎರಡು ದಿನಕ್ಕೆ ಸ್ವಲ್ಪ ಸರಿ ಹೋಗುತ್ತೆ, ಅದು ಓಡುತ್ತೆ, ಇವರು ಬಾಲ್ ಎಸೀತಾರೆ, ಮತ್ತೆ ಕುಂಟು ಶುರು. ಮೆಟ್ಟಿಲು, ಸೋಫಾ ಹತ್ತೋದು, ಬೇರೆ ನಾಯಿ ಜೊತೆ ಆಟ ಎಲ್ಲಾ ಬಂದ್, ಬೆಲ್ಟ್ ಹಾಕಿ ಒಂದು ಎರಡಕ್ಕೆ ಮಾತ್ರ ಹೊರಗೆ ಕರ್ಕೊಂಡು ಹೋಗಿ ಬನ್ನಿ. ಕುಂಟು ನಿಂತ ಮೇಲೂ ಒಂದು ವಾರ ಹೀಗೇ ಇರ್ಲಿ.

ಹೊಸ ಪೆಟ್ಟಾದ್ರೆ ಮೊದಲ ಎರಡು ಮೂರು ದಿನ ತಣ್ಣಗಿರೋದು, ಐಸನ್ನ ಟವಲ್ಲಲ್ಲಿ ಸುತ್ತಿ 10-15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬರೀ ಐಸನ್ನ ಚರ್ಮಕ್ಕೆ ಒತ್ಬೇಡಿ. ಬಿಸಿ ಶಾಖ ಬೇಕಾಗೋದು ಹಳೇ ಕೀಲು ನೋವಿಗೆ, ಅಂದ್ರೆ ಎದ್ದ ತಕ್ಷಣ ಕಾಲು ಬಿಗಿಯಾಗಿದ್ದು ಸ್ವಲ್ಪ ನಡೆದ ಮೇಲೆ ಸಡಿಲ ಆಗೋ ವಯಸ್ಸಾದ ನಾಯಿಗಳಿಗೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ ಹಿತವಾಗಿದ್ರೆ ಮಾತ್ರ ಇಡಿ. ಊದಿದ ಜಾಗಕ್ಕೆ ಶಾಖ ಕೊಟ್ರೆ ಊತ ಇನ್ನೂ ಏರುತ್ತೆ. ಶಾಖ ಆದ್ಮೇಲೆ ಕೀಲಿನ ಮೇಲೂ ಕೆಳಗೂ ಇರೋ ಮಾಂಸನ ಅಂಗೈಯಿಂದ ಮೆಲ್ಲಗೆ ನೀವಿ, ಕೀಲನ್ನೇ ಅದುಮೋದು, ಕಾಲು ಹಿಡಿದು ಎಳೆಯೋದು ಬೇಡ. ನೋವಿನ ಬಾಮು, ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಖಂಡಿತಾ ಹಚ್ಬೇಡಿ, ನಾಯಿ ನೆಕ್ಕದೇ ಬಿಡಲ್ಲ, ಹೊಟ್ಟೆಗೆ ಹೋದ್ರೆ ವಿಷ.

ಈಗ ತೂಕದ ವಿಷಯ, ಇದು ಹೇಳಿದ್ರೆ ಜನಕ್ಕೆ ಬೇಜಾರಾಗುತ್ತೆ ಆದ್ರೂ ಹೇಳ್ತೀನಿ. ದಪ್ಪ ಇರೋ ನಾಯಿ ತನ್ನ ತೂಕದಲ್ಲಿ ನೂರಕ್ಕೆ ಆರೇಳು ಭಾಗ ಇಳಿಸಿದ್ರೂ ಕುಂಟೋದು ಕಣ್ಣಿಗೆ ಕಾಣೋಷ್ಟು ಕಮ್ಮಿ ಆಗುತ್ತೆ, 30 ಕೆಜಿ ನಾಯಿ ಅಂದ್ರೆ ಬರೀ ಎರಡು ಕೆಜಿ ಲೆಕ್ಕ. ಪಕ್ಕೆ ಮೇಲೆ ಕೈಯಾಡಿಸಿದ್ರೆ ಒತ್ತದೇನೇ ಎಲುಬು ಬೆರಳಿಗೆ ಸಿಗ್ಬೇಕು, ಸಿಗ್ತಿಲ್ಲ ಅಂದ್ರೆ ಊಟ ಜಾಸ್ತಿ ಆಗಿದೆ ಅಂತಾನೇ ಅರ್ಥ. ಲ್ಯಾಬ್ರಡಾರ್‌ಗಳನ್ನ ಹುಟ್ಟಿನಿಂದ ಕೊನೇವರೆಗೂ ಗಮನಿಸಿದ ಒಂದು ಪ್ರಸಿದ್ಧ ಅಧ್ಯಯನ ಇದೆ, ಅದರಲ್ಲಿ 25% ಕಮ್ಮಿ ತಿಂದ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದ್ವು, ಕೀಲು ಸವೆತದ ತೊಂದರೇನೂ ತಡವಾಗಿ ಬಂತು. ಪ್ರೀತಿಗೆ ಅಂತ ಕೊಡೋ ಬಿಸ್ಕೆಟ್ ಆ ಕಾಲಿನ ಮೇಲೇ ಭಾರ ಕೂರುತ್ತೆ ಸ್ವಾಮಿ.

ಹೊಟ್ಟೆಗೆ ಕೊಡೋದ್ರಲ್ಲಿ ನನಗೆ ನಂಬಿಕೆ ಇರೋದು ಮೀನೆಣ್ಣೆ ಮೇಲೆ, ಅದರಲ್ಲಿರೋ ಒಮೆಗಾ-3 ಅನ್ನೋ ಕೊಬ್ಬು ಕೀಲಿನ ಉರಿಯೂತ ತಗ್ಗಿಸುತ್ತೆ, ಆದ್ರೆ ಗುಣ ಕಾಣೋಕೆ ಒಂದೆರಡು ತಿಂಗಳಾದ್ರೂ ಬೇಕು, ನಾಲ್ಕು ದಿನ ಕೊಟ್ಟು ಬಿಡ್ಬೇಡಿ. ಕಾಡ್ ಅನ್ನೋ ಮೀನಿನ ಲಿವರಿಂದ ತೆಗೆಯೋ ಕಾಡ್ ಲಿವರ್ ಎಣ್ಣೆ ಬೇರೆ, ಅದರಲ್ಲಿ ವಿಟಮಿನ್ ಎ, ಡಿ ತುಂಬಾ ಇರುತ್ತೆ, ದಿನಾ ಕೊಟ್ರೆ ಜಾಸ್ತಿಯಾಗ್ಬಹುದು. ಅರಿಶಿನ ಒಂದು ಚಿಟಿಕೆ ಊಟಕ್ಕೆ ಹಾಕಿದ್ರೆ ತೊಂದರೆ ಇಲ್ಲ, ಆದ್ರೆ ಅದು ಮೈಗೆ ಹಿಡಿಯೋದೇ ಕಮ್ಮಿ, ಅದೊಂದರಿಂದಲೇ ಕುಂಟು ಹೋಗುತ್ತೆ ಅಂತ ಕಾಯ್ಬೇಡಿ. ಬೆಳ್ಳುಳ್ಳಿ ಮಾತ್ರ ಬೇಡವೇ ಬೇಡ, ನಾಯಿ ರಕ್ತಕ್ಕೆ ಕೆಟ್ಟದ್ದು. ಅದಕ್ಕಿಂತ ಭಯಂಕರ ಅಂದ್ರೆ ನಾವು ನುಂಗೋ ಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಯಾವುದನ್ನೂ ಅರ್ಧ ಕೂಡ ಕೊಡ್ಬೇಡಿ, ಲಿವರು, ಹೊಟ್ಟೆ, ಕಿಡ್ನಿ ಹಾಳಾಗಿ ಪ್ರಾಣಕ್ಕೇ ಬರುತ್ತೆ.

ಮನೆ ನೆಲ ನುಣುಪಾಗಿದ್ರೆ ಅದು ಓಡಾಡೋ ದಾರೀಲಿ ಮ್ಯಾಟ್ ಹಾಕಿ, ಉಗುರು ಕತ್ತರಿಸಿ, ಪ್ಯಾಡ್ ಸಂದಿ ಕೂದಲು ತೆಗೀರಿ, ಮಲಗೋಕೆ ದಪ್ಪ ಹಾಸಿಗೆ ಕೊಡಿ.

ಕಾಲು ಊರೋದೇ ಇಲ್ಲ, ಸೊಟ್ಟಗಾಗಿದೆ, ಜ್ವರ ಇದೆ, ಊಟ ಬಿಟ್ಟಿದೆ ಅಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟಿದ್ರೆ ಉಣ್ಣಿಯಿಂದ ಬರೋ ಜ್ವರ ಇರ್ಬಹುದು, ರಕ್ತ ಪರೀಕ್ಷೆ ಮಾಡಿಸಿ. ಮಾಮೂಲಿ ಕುಂಟೂ ಎರಡು ಮೂರು ದಿನ ರೆಸ್ಟ್ ಕೊಟ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ತೋರಿಸ್ಲೇಬೇಕು, ವಾರಗಟ್ಟಲೆ ಇದ್ರೆ ಎಕ್ಸ್-ರೇ ತೆಗೆಸಿ, ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್ ಅನ್ನೋ ಪಟ್ಟಿ ಹರಿದಿದ್ರೂ ಮೂಳೆ ಕ್ಯಾನ್ಸರ್ ಆಗಿದ್ರೂ ಶುರುವಲ್ಲಿ ಕಾಣೋದು ಬರೀ ಕುಂಟು. ಹೋದಾಗ ಮೀನೆಣ್ಣೆ, ಅರಿಶಿನ ಕೊಡ್ತಿದ್ದೀವಿ ಅಂತಾನೂ ಹೇಳಿ, ಅದನ್ನ ನೋಡ್ಕೊಂಡೇ ಅವರು ಮಾತ್ರೆ ಬರೀಬೇಕಾಗುತ್ತೆ.