ಮೆದುಳಿನಲ್ಲಿ ರಕ್ತಸ್ರಾವವಾದವರನ್ನು ಕಾಪಾಡುವುದು: ಅಪ್ಪನ ಹಾಸಿಗೆಯ ಪಕ್ಕ ಕಲಿತದ್ದು

ನಮ್ಮದು ಭರಮಸಾಗರದ ಹತ್ತಿರದ ಹಳ್ಳಿ. ಶೇಂಗಾ ಬಿಡಿಸುತ್ತ ಕೂತಿದ್ದ ಅಪ್ಪ "ತಲೆ ಸಿಡೀತೈತವ್ವಾ" ಅಂದವರೇ ವಾಂತಿ ಮಾಡಿಕೊಂಡು ಎಡಕ್ಕೆ ವಾಲಿದರು. ದೊಡ್ಡಪ್ಪ ಓಡಿಬಂದು ಬಾಯಿಗೆ ನೀರು ಬಿಟ್ಟರು. ಅಪ್ಪ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿದಂತಾದರು. ಅದಕ್ಕೇ ಮೊದಲು ಇದನ್ನೇ ಹೇಳುತ್ತೇನೆ: ಲಕ್ವ ಹೊಡೆದವರ ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಆಸ್ಪಿರಿನ್ ಕೊಡಿ ಎಂದು ಪಕ್ಕದವರು ಹೇಳಿದರು. ಕೊಡಲಿಲ್ಲ, ಪುಣ್ಯ. ಲಕ್ವ ಹೊಡೆದಾಗ ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಹೊರಗಿನಿಂದ ಯಾರಿಗೂ ತಿಳಿಯದು, ಸಿಟಿ ಸ್ಕ್ಯಾನ್ ಆಗಲೇಬೇಕು. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದು. ನಾಟಿ ಔಷಧಿ, ಪಾರಿವಾಳದ ರಕ್ತ ಎಂದು ಊರೂರು ಅಲೆಯಲೂಬೇಡಿ. ಮೊದಲ ಕೆಲವು ಗಂಟೆಗಳಲ್ಲೇ ಸ್ರಾವ ಹಿಗ್ಗುವುದು ಹೆಚ್ಚು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ನಾವು ದಾವಣಗೆರೆಗೆ ಹೋದೆವು. ರೋಗಿ ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯೇನಾದರೂ ಇದ್ದರೆ ಅದರ ಪ್ರಭಾವ ಇಳಿಸಲು ಡಾಕ್ಟರಿಗೆ ಬೇರೆ ಔಷಧಿ ಬೇಕಾಗುತ್ತದೆ.

ಅಪ್ಪನ ಬಿಪಿ ಅಂದು 210/110. ಅದನ್ನು ಡ್ರಿಪ್ಪಿನಲ್ಲಿ ಮೇಲಿನ ಅಂಕಿ 140ರ ಆಸುಪಾಸಿಗೆ ತಂದರು. ಡಾಕ್ಟರು ನನಗೆ ಬಿಡಿಸಿ ಹೇಳಿದರು: ರಕ್ತ ಸುರಿದಲ್ಲಿ ಆದ ಹಾನಿ ಆಗಿಹೋಗಿದೆ, ಸುತ್ತಲಿನ ಮೆದುಳು ಇನ್ನೂ ಬದುಕಿದೆ, ಅದನ್ನು ಉಳಿಸುವುದೇ ಈಗಿನ ಕೆಲಸ. ಮೆದುಳಿನ ಬಾವು ಕೆಲವು ದಿನ ಏರುತ್ತಲೇ ಇರುತ್ತದೆ. ಜ್ವರ, ಏರಿದ ಸಕ್ಕರೆ, ಫಿಟ್ಸ್, ಆಮ್ಲಜನಕದ ಕೊರತೆ ಎಲ್ಲವೂ ಆ ಬಡಪಾಯಿ ಭಾಗವನ್ನೇ ಹಿಂಡುತ್ತವೆ. ಅದಕ್ಕೇ ಹಾಸಿಗೆಯ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ, ಕುತ್ತಿಗೆ ನೆಟ್ಟಗೆ ಇಡುತ್ತಿದ್ದರು. ಮೆದುಳಿನಿಂದ ರಕ್ತ ಸಲೀಸಾಗಿ ಇಳಿಯಲು ಇದು ನೆರವಾಗುತ್ತದೆ. ತಲೆಯಡಿ ಎರಡು ದಿಂಬು ತುರುಕಿದರೆ ಕುತ್ತಿಗೆ ಮಡಚಿ ಉಲ್ಟಾ ಆಗುತ್ತದೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಬೇಡಿ, ಹಲ್ಲಿನ ನಡುವೆ ಚಮಚ ಇಡಬೇಡಿ. ಪಕ್ಕಕ್ಕೆ ಹೊರಳಿಸಿ ಸಿಸ್ಟರನ್ನು ಕೂಗಿ.

ಮನೆಗೆ ಬಂದಮೇಲಿನ ಕೆಲಸ ದೊಡ್ಡದು. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರುತ್ತದೆ. ಏಳಲಾಗದವರ ಮಗ್ಗುಲನ್ನು ಎರಡೆರಡು ಗಂಟೆಗೆ ಬದಲಿಸಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ಬಿಪಿ ಏರುತ್ತದೆ. ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸಬೇಡಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ, ಡಾಕ್ಟರನ್ನು ಕೇಳಿ.

ಅಪ್ಪ ಬಿದ್ದದ್ದಾದರೂ ಯಾಕೆ? "ಆರಾಮ ಇದ್ದೀನಲ್ಲವ್ವಾ" ಎಂದು ಎರಡು ತಿಂಗಳು ಬಿಪಿ ಮಾತ್ರೆ ಬಿಟ್ಟಿದ್ದರು. ನಾನೂ ಕೇಳಲಿಲ್ಲ. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ ಬೆಳಿಗ್ಗೆ, ಸಂಜೆ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಬಿಪಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಮಗೆ ಹೇಳಿರುವ ಗುರಿ 130/80ರ ಒಳಗೆ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಅಪ್ಪನ ಪ್ರೀತಿಯ ಖಾರ ಮಂಡಕ್ಕಿಯಲ್ಲಿರುವ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ. ಹೊಗೆಸೊಪ್ಪು, ಹೆಂಡ ಪೂರ್ತಿ ನಿಲ್ಲಬೇಕು.

ಮನೆಗೆ ಬಂದವರು ಹಗಲಿಡೀ ಮಂಪರಾಗಿ ಮಲಗಿದರೆ "ನಿದ್ದೆ ಬಂದೈತೆ, ಮಲಗಲಿ" ಎಂದು ಬಿಡಬೇಡಿ. ಕೂಗಿ ಎಬ್ಬಿಸಿ, ಹೆಸರು ಕೇಳಿ. ಏಳದಿದ್ದರೆ, ತಲೆನೋವು, ವಾಂತಿ ಮತ್ತೆ ಶುರುವಾದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ಬೆಳಗಾಗುವವರೆಗೆ ಕಾಯದೆ ಅದೇ ಗಳಿಗೆ 108ಕ್ಕೆ ಫೋನ್ ಮಾಡಿ.